ಮತ್ತೆ ಸಿಕ್ಕವರಿಗೆ ಸಂಬಳವೂ ಸಿಕ್ಕಿತು

ಕಾಫಿ ಕುಯ್ಲಿನ ದಿನಗಳಲ್ಲಿ ಭಾನುವಾರ ಗೋಣಿಕೊಪ್ಪ ಸಂತೆಗೆ ಬನ್ನಿ. ತರಕಾರಿ ಸಾಲು ದಾಟಿದ ಮೇಲೆ ಬೆನ್ನಿಗೆ ಬ್ಯಾಗು ಹಾಕಿದ ಹುಡುಗರ ಗುಂಪು ಕಾಣುತ್ತದೆ. ಕೆಲವರು ಅಸ್ಸಾಂ ಕಡೆಯವರು, ಕೆಲವರು ಜಾರ್ಖಂಡ್‌ನವರು, ಕೆಲವರು ನಮ್ಮದೇ ಎಚ್.ಡಿ.ಕೋಟೆ, ಚಾಮರಾಜನಗರದವರು. ಹೋದ ವರ್ಷ ಒಂದೇ ಲೈನ್ ಮನೆಯಲ್ಲಿ ಇದ್ದವರು ಈ ವರ್ಷ ಬೇರೆ ಬೇರೆ ತೋಟದಲ್ಲಿರುತ್ತಾರೆ. ಸಂತೆಯಲ್ಲಿ ಎದುರಾದಾಗ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಾರೆ, ಫೋನಿನಲ್ಲಿ ಊರಿನ ಮಗುವಿನ ಫೋಟೋ ತೋರಿಸುತ್ತಾರೆ, ಒಂದು ಪ್ಲೇಟ್ ಪಕೋಡ ಹಂಚಿ ತಿನ್ನುತ್ತಾರೆ.

ಐದು ನಿಮಿಷ ಆದ ಮೇಲೆ ಮಾತು ಬಂದು ನಿಲ್ಲುವುದು ಒಂದೇ ಕಡೆ. "ನಿಮ್ಮಲ್ಲಿ ಕೆಜಿಗೆ ಎಷ್ಟು?"

ಈ ಪ್ರಶ್ನೆ ಕೇಳಿದರೆ ಕೆಲವು ಮಾಲೀಕರಿಗೆ ಸಿಟ್ಟು ಬರುತ್ತದೆ. ನಮಗೆ ಮಾತ್ರ ಖುಷಿಯಾಗುತ್ತದೆ. ಯಾಕೆಂದರೆ ಈ ಪ್ರಶ್ನೆಯ ಬೆಲೆ ಏನು ಅಂತ ನಾವು ಕಲಿತದ್ದು ಡಿಪ್ಲೊಮಾ ತರಗತಿಯಲ್ಲಿ ಅಲ್ಲ, ಗೋಕರ್ಣದ ಒಂದು ಚಹಾ ಅಂಗಡಿಯಲ್ಲಿ.

ಅದು 2014ರ ಜನವರಿ. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿದ್ದ ನಾವಿಬ್ಬರು ಸಹಪಾಠಿಗಳು, ಕೆಲಸ ಸಿಗುವ ತನಕ ಸುತ್ತಾಡಿ ಬರೋಣ ಎಂದು ಹೊರಟಿದ್ದೆವು. ಜೇಬಿನಲ್ಲಿ ಹಣ ಇರಲಿಲ್ಲ. ಅಲ್ಲಲ್ಲಿ ದುಡಿಯುತ್ತಾ ತಿರುಗುವುದು ನಮ್ಮ ಯೋಜನೆ. ಇದಕ್ಕೆ ವಿದೇಶದಲ್ಲಿ 'ವರ್ಕಿಂಗ್ ಹಾಲಿಡೇ' ಅನ್ನುತ್ತಾರೆ ಅಂತ ಆಗ ಗೊತ್ತಿರಲಿಲ್ಲ. ನಮ್ಮ ಮನೆಯವರು ಇದಕ್ಕೆ 'ಅಲೆದಾಟ' ಎಂದು ಹೆಸರಿಟ್ಟಿದ್ದರು.

ಹಂಪಿಯಲ್ಲಿ ವಿರೂಪಾಕ್ಷ ದೇವಸ್ಥಾನದ ಕಡೆಯಿಂದ ದೋಣಿ ಹತ್ತಿ ತುಂಗಭದ್ರೆ ದಾಟಿದರೆ ವಿರೂಪಾಪುರ ಗಡ್ಡೆ. ಆಗ ಅಲ್ಲಿ ಗುಡಿಸಲು ಮಾದರಿಯ ಗೆಸ್ಟ್‌ಹೌಸ್‌ಗಳು ಸಾಲಾಗಿದ್ದವು. ಅದರಲ್ಲೊಂದರಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ತಿಂಡಿ ಕೊಡುವುದು, ಬೋರ್ಡ್ ಬರೆಯುವುದು, ರಾತ್ರಿ ರಿಜಿಸ್ಟರ್ ನೋಡಿಕೊಳ್ಳುವುದು. ಊಟ, ಹಾಸಿಗೆ ಫ್ರೀ. ಸಂಬಳದ ಮಾತು ತೆಗೆದರೆ ಮಾಲೀಕರು ಹೇಳಿದ್ದು ಎರಡೇ ಮಾತು. "ನಿಮಗೆ ಒಳ್ಳೆ ಅನುಭವ ಆಗುತ್ತೆ. ಹೋಗುವಾಗ ನೋಡೋಣ."

ಅಲ್ಲಿ ನಮ್ಮಂತೆಯೇ ಬ್ಯಾಗು ಹೊತ್ತು ಬಂದವರು ಇನ್ನೂ ಮೂವರಿದ್ದರು. ಧಾರವಾಡದ ಒಬ್ಬಳು ಹುಡುಗಿ, ವಯನಾಡಿನ ಒಬ್ಬ, ಪುಣೆಯ ಒಬ್ಬ. ಅಡುಗೆ ಮನೆಯಲ್ಲಿ ಪಾತ್ರೆ ತೊಳೆಯಲು ಗಂಗಾವತಿ ಕಡೆಯ ಒಬ್ಬ ಹುಡುಗ ಇದ್ದ. ನಮಗಿಂತ ಮೂರ್ನಾಲ್ಕು ವರ್ಷ ಚಿಕ್ಕವನು. ಎಲ್ಲರಿಗೂ ಬೇರೆ ಬೇರೆ ಹೊತ್ತಿನಲ್ಲಿ ಒಂದೇ ಬುದ್ಧಿಮಾತು ಬಂದಿತ್ತು. "ನಿಮ್ಮ ಲೆಕ್ಕ ಬೇರೆಯವರ ಹತ್ತಿರ ಹೇಳಬೇಡಿ, ಅವರಿಗೆ ಬೇಜಾರಾಗುತ್ತೆ."

ನಾವು ಹೇಳಲಿಲ್ಲ. ನಲವತ್ತು ದಿನ ಒಂದೇ ಮಡಕೆಯ ಅನ್ನ ಉಂಡೆವು, ರಾತ್ರಿ ಬಂಡೆಯ ಮೇಲೆ ಕೂತು ಲೋಕದ ಎಲ್ಲ ವಿಷಯ ಮಾತಾಡಿದೆವು. ಸಂಬಳದ ವಿಷಯ ಒಂದನ್ನು ಬಿಟ್ಟು.

ಹೊರಡುವ ದಿನ ನೋಡಿದ್ದು ಏನೂ ಇಲ್ಲ. ಬಸ್ ಚಾರ್ಜ್ ಅಂತ ಇನ್ನೂರು ರೂಪಾಯಿ ಕೈಗೆ ಬಂತು.

ಗೋಕರ್ಣದಲ್ಲಿ ಮತ್ತೆ ಸಿಕ್ಕೆವು

ಹೊಸಪೇಟೆಯಿಂದ ಹುಬ್ಬಳ್ಳಿ, ಅಲ್ಲಿಂದ ಗೋಕರ್ಣ. ಅದು ತಿರುಗಾಡುವವರ ದಾರಿ. ಹಂಪಿ ಬಿಟ್ಟವರು ಗೋಕರ್ಣಕ್ಕೆ, ಗೋಕರ್ಣ ಬಿಟ್ಟವರು ಹಂಪಿಗೆ. ಹಾಗಾಗಿ ಮೂರು ವಾರದ ಮೇಲೆ ಕುಡ್ಲೆ ಬೀಚಿನ ಮೇಲ್ಗಡೆಯ ಚಹಾ ಅಂಗಡಿಯಲ್ಲಿ ಧಾರವಾಡದವಳು ಎದುರಾದದ್ದು ದೊಡ್ಡ ಪವಾಡವೇನಲ್ಲ. ಮರುದಿನ ವಯನಾಡಿನವನು ಸಿಕ್ಕಿದ. ಪುಣೆಯವನು ಅವನ ಜೊತೆಗೇ ಇದ್ದ. ಐವರೂ ಸೇರಿದಾಗ ಆದ ಸಂತೋಷ ಹೇಳಲು ಬರುವುದಿಲ್ಲ. ಹೊಸ ಊರಲ್ಲಿ ಹಳೆಯ ಮುಖ ಕಂಡರೆ ಊರೇ ನಮ್ಮದಾಗಿಬಿಡುತ್ತದೆ. ದಾರಿಯಲ್ಲಿ ಇರುವವರಿಗಷ್ಟೇ ಗೊತ್ತಾಗುವ ಸಂಗತಿ ಇದು.

ನಮ್ಮ ಜೊತೆ ಮೇಜಿನಲ್ಲಿ ಇಂಗ್ಲೆಂಡಿನ ಒಬ್ಬಾಕೆ ಇದ್ದಳು. ಹಂಪಿಯಲ್ಲಿ ಅದೇ ಗೆಸ್ಟ್‌ಹೌಸಿನಲ್ಲಿ ಅತಿಥಿಯಾಗಿದ್ದವಳು. ಭಾರತಕ್ಕೆ ಬರುವ ಮೊದಲು ಆಸ್ಟ್ರೇಲಿಯಾದಲ್ಲಿ ವರ್ಕಿಂಗ್ ಹಾಲಿಡೇ ವೀಸಾದಲ್ಲಿ ಹಣ್ಣು ಕೊಯ್ದು ಬಂದಿದ್ದಳು. ನಾವು ಹಂಪಿಯ ಸೂರ್ಯಾಸ್ತ ನೆನೆಯುತ್ತಿದ್ದಾಗ ಆಕೆ ಕೇಳಿದ್ದು ಒಂದೇ ಮಾತು. "ನಿಮಗೆಲ್ಲ ಎಷ್ಟು ಕೊಟ್ಟರು?"

ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟೆವು. ವಯನಾಡಿನವನಿಗೆ ತಿಂಗಳಿಗೆ ಆರು ಸಾವಿರ ಎಂದಿದ್ದರು, ಬಂದದ್ದು ಸಾವಿರ. ಪುಣೆಯವನಿಗೆ ನಾಲ್ಕು ಸಾವಿರದ ಮಾತು, ಬಂದದ್ದು ಸೊನ್ನೆ. ಧಾರವಾಡದವಳಿಗೆ ಮೂರು ಸಾವಿರ, ಅದೂ ಸೊನ್ನೆ. ನಮ್ಮಿಬ್ಬರಿಗೆ ಅನುಭವ.

ಧಾರವಾಡದ ಹುಡುಗಿ ಡೈರಿ ತೆಗೆದಳು. ಯಾರು ಯಾವ ದಿನ ಯಾವ ಪಾಳಿ ಅಂತ ಕೊನೆಯ ಪುಟಗಳಲ್ಲಿ ಬರೆದಿಟ್ಟಿದ್ದಳು. ಯಾಕೆ ಬರೆದೆ ಅಂದರೆ, "ನಮ್ಮಪ್ಪ ಗೌಂಡಿ. ಹಾಜರಿ ಬರೀದೆ ಮಲಗಬ್ಯಾಡ ಅಂತ ಹೇಳ್ತಾನ" ಎಂದಳು. ಅವತ್ತೇ ಸಂಜೆ ಐವರೂ ಒಂದೇ ಫೋನಿನಿಂದ ಮಾಲೀಕರಿಗೆ ಕರೆ ಮಾಡಿದೆವು. ಡೈರಿಯ ದಿನಾಂಕ ಒಂದೊಂದಾಗಿ ಓದಿದೆವು. ಜಗಳ ಆಡಲಿಲ್ಲ. ಕಾರ್ಮಿಕ ಇಲಾಖೆಗೆ ಐವರ ಹೆಸರಿನಲ್ಲಿ ಒಂದೇ ಅರ್ಜಿ ಬರೆಯುತ್ತೇವೆ ಎಂದಷ್ಟೇ ಹೇಳಿದೆವು. ಹದಿನೈದು ದಿನದಲ್ಲಿ ಐವರಿಗೂ ಹಣ ಬಂತು. ಪೂರ್ತಿ ಅಲ್ಲ, ಮುಕ್ಕಾಲು ಪಾಲು.

ಒಬ್ಬೊಬ್ಬರೇ ಕೇಳಿದ್ದರೆ ಬರುತ್ತಿತ್ತೇ? ಖಂಡಿತ ಇಲ್ಲ. ಮತ್ತೆ ಸಿಕ್ಕಿದ್ದಕ್ಕೆ ಬಂತು.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಪಾತ್ರೆ ತೊಳೆಯುತ್ತಿದ್ದ ಗಂಗಾವತಿ ಕಡೆಯ ಹುಡುಗನಿಗೂ ಬಾಕಿ ಇತ್ತು. ನಮಗಿಂತ ಹೆಚ್ಚೇ ಇತ್ತು. ಅವನು ಗೋಕರ್ಣಕ್ಕೆ ಬರಲಿಲ್ಲ. ಅವನಿಗೆ ರಜೆಯೂ ಇರಲಿಲ್ಲ, ಸುತ್ತಾಟವೂ ಇರಲಿಲ್ಲ. ನಮ್ಮಲ್ಲಿ ಒಬ್ಬರ ಹತ್ತಿರವೂ ಅವನ ನಂಬರ್ ಇರಲಿಲ್ಲ. ನಲವತ್ತು ದಿನ ಅವನು ತೊಳೆದ ತಟ್ಟೆಯಲ್ಲಿ ಉಂಡಿದ್ದೆವು, ಪೂರ್ತಿ ಹೆಸರೂ ಕೇಳಿರಲಿಲ್ಲ. ಅವನ ಲೆಕ್ಕ ಡೈರಿಯಲ್ಲಿ ಇರಲಿಲ್ಲ, ನಮ್ಮ ಫೋನ್ ಮಾತಿನಲ್ಲೂ ಬರಲಿಲ್ಲ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಮಾರ್ಚ್‌ನಲ್ಲಿ ಗಡ್ಡೆಯ ರೆಸಾರ್ಟ್, ಗೆಸ್ಟ್‌ಹೌಸ್‌ಗಳನ್ನು ಕೆಡವಿದರು. ಆ ಸುದ್ದಿ ಓದಿದಾಗ ನಮಗೆ ಮೊದಲು ನೆನಪಾದದ್ದು ಅವನೇ.

ಮತ್ತೆ ಸಿಕ್ಕವರಿಗೆ ಸಂಬಳ ಸಿಕ್ಕಿತು. ಮತ್ತೆ ಸಿಗದವನಿಗೆ ಇಲ್ಲ. ನಮ್ಮ ಅಭಿಪ್ರಾಯದ ಬೇರು ಇದೇ.

ಆಸ್ಟ್ರೇಲಿಯಾದಲ್ಲೂ ಇದೇ ಕಥೆ

ಹಳ್ಳಿಯ ನಮ್ಮ ಹುಡುಗರು ಮಾತ್ರ ಮೋಸ ಹೋಗುತ್ತಾರೆ ಅಂತ ತಿಳಿಯಬೇಡಿ. ಆಸ್ಟ್ರೇಲಿಯಾ 1975ರಿಂದಲೇ ವರ್ಕಿಂಗ್ ಹಾಲಿಡೇ ವೀಸಾ ಕೊಡುತ್ತಿದೆ. ಯುವಕರು ಬಂದು ಒಂದಿಷ್ಟು ದಿನ ಸುತ್ತಬಹುದು, ಒಂದಿಷ್ಟು ದಿನ ದುಡಿಯಬಹುದು. ಎರಡನೇ ವರ್ಷವೂ ಉಳಿಯಬೇಕಾದರೆ ಹೆಚ್ಚಿನವರು ಹಳ್ಳಿಗಾಡಿಗೆ ಹೋಗಿ ಸುಮಾರು ಮೂರು ತಿಂಗಳು ಗೊತ್ತುಪಡಿಸಿದ ಕೆಲಸ ಮಾಡಬೇಕು. ಅದರಲ್ಲಿ ಹಣ್ಣು, ತರಕಾರಿ ಕೊಯ್ಲೂ ಒಂದು. ವೀಸಾಕ್ಕೆ ದಿನ ಲೆಕ್ಕ ಹಾಕುವವನು ಮಾಲೀಕನ ಎದುರು ಜೋರಾಗಿ ಮಾತಾಡುತ್ತಾನಾ?

2017ರಲ್ಲಿ ಲಾರಿ ಬರ್ಗ್ ಮತ್ತು ಬಸೀನಾ ಫಾರ್ಬೆನ್‌ಬ್ಲಮ್ ಎಂಬ ಇಬ್ಬರು ಕಾನೂನು ಅಧ್ಯಾಪಕಿಯರು ಒಂದು ಸಮೀಕ್ಷೆ ಪ್ರಕಟಿಸಿದರು. ವಿದೇಶಿ ವಿದ್ಯಾರ್ಥಿಗಳು, ಬ್ಯಾಕ್‌ಪ್ಯಾಕರ್‌ಗಳು ಸೇರಿ 107 ದೇಶಗಳ 4,322 ಜನ ಅದಕ್ಕೆ ಉತ್ತರ ಕೊಟ್ಟಿದ್ದರು. ಅವರಲ್ಲಿ ನೂರಕ್ಕೆ ಮೂವತ್ತು ಜನರಿಗೆ ಸಿಗುತ್ತಿದ್ದದ್ದು ಗಂಟೆಗೆ 12 ಡಾಲರ್ ಅಥವಾ ಅದಕ್ಕೂ ಕಡಿಮೆ. ಆಗ ಅಲ್ಲಿನ ಕನಿಷ್ಠ ವೇತನ 17 ಡಾಲರ್‌ಗೂ ಹೆಚ್ಚು.

ಆ ವರದಿಯಲ್ಲಿ ನಮಗೆ ನಾಟಿದ್ದು ಇನ್ನೊಂದು ಮಾತು. ಕಡಿಮೆ ಸಂಬಳ ಪಡೆದವರಲ್ಲಿ ಹೆಚ್ಚಿನವರಿಗೆ ತಮಗೆ ಕಡಿಮೆ ಕೊಡುತ್ತಿದ್ದಾರೆ ಅನ್ನುವುದು ಗೊತ್ತಿತ್ತು. ಆದರೆ ನಮ್ಮಂಥ ವೀಸಾದವರಿಗೆಲ್ಲ ಇಷ್ಟೇ ಸಿಗೋದು ಅಂತ ಅವರು ನಂಬಿದ್ದರು. ಅಂದರೆ ಗೆಳೆಯರು ಬರೀ ಸೇರಿ ಮಾತಾಡಿದರೆ ಸಾಲದು. ಎಲ್ಲರಿಗೂ ಇಷ್ಟೇ ಅಂತ ಸಮಾಧಾನ ಮಾಡಿಕೊಂಡು ಎದ್ದು ಹೋದರೆ ಆ ಭೇಟಿಯಿಂದ ಏನೂ ಬದಲಾಗುವುದಿಲ್ಲ. ಕಾನೂನಿನ ದರ ಎಷ್ಟು ಎನ್ನುವುದು ಒಬ್ಬರಿಗಾದರೂ ಗೊತ್ತಿರಬೇಕು. ಗೋಕರ್ಣದ ಮೇಜಿನಲ್ಲಿ ಆ ಕೆಲಸ ಮಾಡಿದ್ದು ಇಂಗ್ಲೆಂಡಿನವಳ ಪ್ರಶ್ನೆ ಮತ್ತು ಧಾರವಾಡದವಳ ಡೈರಿ.

ಆಸ್ಟ್ರೇಲಿಯಾದಲ್ಲಿ ಮಾತು ಮುಂದಕ್ಕೂ ಹೋಯಿತು. ಅಲ್ಲಿನ ಕಾರ್ಮಿಕ ಸಂಘ ಅರ್ಜಿ ಹಾಕಿತು. 2022ರ ಏಪ್ರಿಲ್ 28ರಿಂದ ಹೊಸ ನಿಯಮ ಬಂತು. ತೂಕದ ಲೆಕ್ಕದಲ್ಲಿ ಹಣ್ಣು ಕೊಯ್ದರೂ ಗಂಟೆಯ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ. ಎಷ್ಟು ಗಂಟೆ ದುಡಿದರು ಅನ್ನುವುದನ್ನು ಮಾಲೀಕನೇ ಬರೆದಿಡಬೇಕು.

ಕೆಜಿ ಲೆಕ್ಕದಲ್ಲಿ ರೊಬಸ್ಟಾ ಕುಯ್ಯಿಸುವ ನಮ್ಮ ಜಿಲ್ಲೆಯವರು ಈ ನಿಯಮವನ್ನು ಎರಡು ಸಲ ಓದಬೇಕು. ಹಣ್ಣು ದಟ್ಟವಾಗಿರುವ ಗಿಡ ಸಿಕ್ಕವನಿಗೆ ಮೂಟೆ ತುಂಬುತ್ತದೆ. ಕೊನೆಯ ಸುತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು ಹುಡುಕುವವನಿಗೆ ಅಷ್ಟೇ ಬೆವರು ಸುರಿದರೂ ಸಂಜೆ ತಕ್ಕಡಿ ಏಳುವುದಿಲ್ಲ. ನಮ್ಮ ದೇಶದಲ್ಲಿ ಕನಿಷ್ಠ ವೇತನದ ಕಾಯ್ದೆ ಬಂದದ್ದು 1948ರಲ್ಲಿ. ತೂಕದ ಕೂಲಿಗೂ ದಿನದ ಕನಿಷ್ಠ ಖಾತ್ರಿ ಕೊಡುವ ದಾರಿ ಆ ಕಾಯ್ದೆಯಲ್ಲೇ ಇತ್ತು. ಕಾಗದದಲ್ಲಿ ಇದ್ದದ್ದು ಕಣದ ಪಕ್ಕದ ತಕ್ಕಡಿಯ ತನಕ ಬರುವುದು ಮಾತ್ರ ಕಷ್ಟ.

ಮಾಲೀಕರ ಮಾತೂ ಕೇಳೋಣ

ನಾವು ಸ್ಟ್ರಿಂಗರ್‌ಗಳು. ಬೆಳಿಗ್ಗೆ ಕಾರ್ಮಿಕರ ಜೊತೆ, ಮಧ್ಯಾಹ್ನ ಬೆಳೆಗಾರರ ಜೊತೆ ಚಹಾ ಕುಡಿಯುವವರು. ಬೆಳೆಗಾರರ ಕಷ್ಟ ಸುಳ್ಳಲ್ಲ. ದೇಶದ ಕಾಫಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕೊಡಗಿನದು, ಆದರೆ ಇಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು. ಹಣ್ಣು ಕಪ್ಪಾಗಿ ಉದುರುವ ಹೊತ್ತಿಗೆ ಆಳು ಸಿಗುವುದಿಲ್ಲ. ಮುಂಗಡ ಕೊಟ್ಟು ವಾಹನ ಮಾಡಿ ಕರೆತಂದವರು ಭಾನುವಾರ ಸಂತೆಗೆ ಹೋಗಿ, ಪಕ್ಕದ ತೋಟದಲ್ಲಿ ಐವತ್ತು ಪೈಸೆ ಹೆಚ್ಚು ಅಂತ ಕೇಳಿ ಸೋಮವಾರ ಮಾಯ. "ಇವರು ಸಂತೆಯಲ್ಲಿ ಸೇರುವುದೇ ನಮಗೆ ತಲೆನೋವು" ಎಂದು ದಕ್ಷಿಣ ಕೊಡಗಿನ ಹಿರಿಯ ಬೆಳೆಗಾರರೊಬ್ಬರು ನಮಗೆ ನೇರವಾಗಿಯೇ ಹೇಳಿದ್ದರು.

ಅವರಿಗೆ ನಾವು ಕೇಳಿದ್ದು ಇಷ್ಟು. ಸಾರ್, ಆರೇಳು ವರ್ಷದಿಂದ ನಿಮ್ಮ ಊರಿನ ಒಂದು ತೋಟಕ್ಕೆ ಮಾತ್ರ ಪ್ರತಿ ಸಲ ಅದೇ ತಂಡ ಬರುತ್ತಲ್ಲ, ಅಲ್ಲಿ ದರ ಹೆಚ್ಚಾ? ಅವರು ಸ್ವಲ್ಪ ಯೋಚಿಸಿ, "ಇಲ್ಲ, ನಮ್ಮಷ್ಟೇ. ಆದರೆ ಅವನು ಶನಿವಾರ ಸಂಜೆ ಲೆಕ್ಕ ಚುಕ್ತಾ ಮಾಡ್ತಾನೆ" ಎಂದರು.

ಉತ್ತರ ಅವರ ಬಾಯಲ್ಲೇ ಬಂತು. ಜನ ಸೇರಿ ಮಾತಾಡಿದರೆ ಮೋಸ ಮಾಡುವವನ ಹೆಸರು ಹರಡುವ ಹಾಗೆ, ನ್ಯಾಯವಾಗಿ ಕೊಡುವವನ ಹೆಸರೂ ಹರಡುತ್ತದೆ. ಸಂತೆಯ ಮಾತಿಗೆ ಹೆದರಬೇಕಾದವನು ಲೆಕ್ಕ ಸರಿ ಇಲ್ಲದವನು ಮಾತ್ರ.

ಮತ್ತೆ ಸೇರುವುದರ ಬೆಲೆ ಕೊಡಗಿಗೆ ಹೇಳಿಕೊಡಬೇಕಾಗಿಲ್ಲ. ಹುತ್ತರಿಗೆ ಬೆಂಗಳೂರಿನಿಂದ, ದುಬೈಯಿಂದ ಮನೆಯವರು ಐನ್‌ಮನೆಗೆ ಬರುತ್ತಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ 60 ಕುಟುಂಬ ತಂಡಗಳು ಸೇರಿದ್ದವು, ಈಗ ನೂರಾರು ಸೇರುತ್ತವೆ. ಚದುರಿ ಹೋದವರು ಒಂದು ಮೈದಾನದಲ್ಲಿ ಮತ್ತೆ ಕಂಡರೆ ಎಷ್ಟು ಶಕ್ತಿ ಬರುತ್ತದೆ ಅನ್ನುವುದು ನಮಗೆ ಗೊತ್ತು. ನಮ್ಮ ತೋಟದ ಕಾಫಿ ಕುಯ್ಯುವವರಿಗೆ ಇಲ್ಲಿ ಐನ್‌ಮನೆ ಇಲ್ಲ, ಹಾಕಿ ಮೈದಾನ ಇಲ್ಲ. ಅವರಿಗೆ ಇರುವುದು ಭಾನುವಾರದ ಗೋಣಿಕೊಪ್ಪ, ಶುಕ್ರವಾರದ ಮಡಿಕೇರಿ, ಶನಿವಾರದ ಶನಿವಾರಸಂತೆ. ಅದನ್ನೂ ತಪ್ಪಿಸಬೇಡಿ.

ಹೋಂಸ್ಟೇ ನಡೆಸುವವರಿಗೆ ಒಂದು ಮಾತು

ಈಗ ಹೊಸ ರೂಢಿಯೊಂದು ಬಂದಿದೆ. ಬ್ಯಾಗು ಹೊತ್ತು ಬರುವ ನಗರದ ಹುಡುಗ ಹುಡುಗಿಯರನ್ನು 'ವಾಲಂಟಿಯರ್' ಅಂತ ಇಟ್ಟುಕೊಳ್ಳುವುದು. ಊಟ, ಹಾಸಿಗೆ ಕೊಟ್ಟು ರೂಮ್ ಕ್ಲೀನಿಂಗ್‌ನಿಂದ ಇನ್‌ಸ್ಟಾಗ್ರಾಮ್ ತನಕ ಮಾಡಿಸಿಕೊಳ್ಳುವುದು. ಇಬ್ಬರಿಗೂ ಒಪ್ಪಿಗೆ ಇದ್ದು, ದಿನಕ್ಕೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ರಜೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡರೆ ನಮ್ಮ ತಕರಾರಿಲ್ಲ. ಬರೆಯದೆ 'ಅನುಭವ' ಅಂದರೆ ನಮಗೆ ಗಡ್ಡೆ ನೆನಪಾಗುತ್ತದೆ.

ವಿದೇಶಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಮ್ಮ ದೇಶದ ಇ-ಟೂರಿಸ್ಟ್ ವೀಸಾದಲ್ಲಿ ಸ್ವಯಂಸೇವೆಗೆ ಅವಕಾಶ ಇರುವುದು ಹೆಚ್ಚೆಂದರೆ ಒಂದು ತಿಂಗಳು, ಅದೂ ಹಣವಾಗಲಿ ಬೇರೆ ಪ್ರತಿಫಲವಾಗಲಿ ಇಲ್ಲದೆ. ಹಾಸಿಗೆಗೆ ಬದಲಾಗಿ ಕೆಲಸ ಅಂದರೆ ನಾಳೆ ತೊಂದರೆ ನಿಮಗೂ, ಅವರಿಗೂ. ಅವರು ಬಂದು ತಂಗಿದ 24 ಗಂಟೆಯೊಳಗೆ ನಿಗದಿತ ಫಾರಂ ತುಂಬಿ ಮಾಹಿತಿ ಕೊಡುವುದು ಕಡ್ಡಾಯ ಅನ್ನುವುದನ್ನೂ ಮರೆಯಬೇಡಿ.

ಹೊರಗೆ ಹೋಗುವ ನಮ್ಮ ಮಕ್ಕಳಿಗೆ

ಆಸ್ಟ್ರೇಲಿಯಾ ಜೊತೆಗಿನ ವ್ಯಾಪಾರ ಒಪ್ಪಂದದಿಂದಾಗಿ ಈಗ ಭಾರತೀಯರಿಗೂ ವರ್ಷಕ್ಕೆ 1,000 'ವರ್ಕ್ ಅಂಡ್ ಹಾಲಿಡೇ' ವೀಸಾ ಇದೆ. ವಯಸ್ಸು 18ರಿಂದ 30. ನಮ್ಮ ವಯಸ್ಸು ದಾಟಿತು, ನಿಮ್ಮದು ಇರಬಹುದು. 2024ರ ಅಕ್ಟೋಬರ್‌ನಲ್ಲಿ ಮೊದಲ ಸಲ ಲಾಟರಿ ತೆರೆದಾಗ ಕೆಲವೇ ದಿನಗಳಲ್ಲಿ ಸುಮಾರು 40 ಸಾವಿರ ಅರ್ಜಿ ಬಂದವು. ಲಾಟರಿಗೆ ಹೆಸರು ಕೊಡಲು 25 ಆಸ್ಟ್ರೇಲಿಯಾ ಡಾಲರ್. ಹೆಸರು ಬಂದರೆ ಮಾತ್ರ ವೀಸಾ ಅರ್ಜಿ, ಅದರ ಶುಲ್ಕ ಬೇರೆ. ಹೆಸರು ಎತ್ತುವುದು ಕಂಪ್ಯೂಟರ್. "ಎರಡು ಲಕ್ಷ ಕೊಡಿ, ಲಾಟರಿಯಲ್ಲಿ ಬರೋ ಹಾಗೆ ಮಾಡ್ತೇವೆ" ಅನ್ನುವ ಏಜೆಂಟ್ ಸಿಕ್ಕರೆ ಅವನಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ, ಹಣ ಮಾತ್ರ ಕೊಡಬೇಡಿ.

ಮೆಲ್ಬರ್ನ್‌ಗೇ ಹೋಗಿ, ಮೈಸೂರಿಗೇ ಹೋಗಿ, ದುಡಿಯುತ್ತಾ ತಿರುಗುವವರಿಗೆ ನಮ್ಮದು ನಾಲ್ಕೇ ಮಾತು.

ಒಂದು, ಕೆಲಸಕ್ಕೆ ಸೇರುವ ದಿನ ಆ ಊರಿನ ಕಾನೂನಿನ ದರ ಎಷ್ಟು ಅಂತ ತಿಳಿದುಕೊಳ್ಳಿ.

ಎರಡು, ಪ್ರತಿ ರಾತ್ರಿ ಅವತ್ತಿನ ಹಾಜರಿ ಬರೆದು ಮಲಗಿ. ಫೋನಿನಲ್ಲಿ ಬರೆದರೂ ಸಾಕು.

ಮೂರು, ನಿಮ್ಮ ಲೆಕ್ಕ ಯಾರಿಗೂ ಹೇಳಬೇಡಿ ಅಂತ ಯಾರಾದರೂ ಹೇಳಿದರೆ, ಅವತ್ತೇ ಹೇಳಿ.

ನಾಲ್ಕು, ಜೊತೆಗಿದ್ದ ಎಲ್ಲರ ನಂಬರ್ ತೆಗೆದುಕೊಳ್ಳಿ. ರಾತ್ರಿ ಬಂಡೆಯ ಮೇಲೆ ಹಾಡಿದವರದ್ದು ಮಾತ್ರ ಅಲ್ಲ, ಅಡುಗೆ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವನದ್ದೂ.

ಹೋದ ಜನವರಿಯಲ್ಲಿ ಆ ಹಳೆಯ ಐವರಲ್ಲಿ ನಾಲ್ವರು ಮತ್ತೆ ಸೇರಿದೆವು, ಇಲ್ಲೇ ಕೊಡಗಿನಲ್ಲಿ. ಧಾರವಾಡದವಳು ಈಗ ಶಾಲೆಯಲ್ಲಿ ಟೀಚರ್, ವಯನಾಡಿನವನು ಶುಂಠಿ ಬೆಳೆಗಾರ. ನಾವಿಬ್ಬರು ಸುದ್ದಿಗೆ ಇಷ್ಟು ಅಂತ ದುಡಿಯುವ ಸ್ಟ್ರಿಂಗರ್‌ಗಳು, ಒಬ್ಬರು ಸೋಮವಾರಪೇಟೆ ಕಡೆ, ಒಬ್ಬರು ಗೋಣಿಕೊಪ್ಪ ಕಡೆ. ಕೂತ ಕೂಡಲೇ ಅವಳು ಕೇಳಿದಳು. "ನಿಮಗೊಂದು ಸುದ್ದಿಗೆ ಎಷ್ಟ ಕೊಡ್ತಾರ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಇಷ್ಟು ವರ್ಷದಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ನಾವೇ ಆ ಮಾತು ನುಂಗಿಕೊಂಡು ಬಂದಿದ್ದೆವು. ಅವತ್ತು ಹೇಳಿಕೊಂಡೆವು. ಒಂದೇ ಜಿಲ್ಲೆ, ಒಂದೇ ಬಗೆಯ ಕೆಲಸ, ದರದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ವ್ಯತ್ಯಾಸ. ಜಿಲ್ಲೆಯ ಸ್ಟ್ರಿಂಗರ್ ಗೆಳೆಯರ ದರಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಯಲು ಶುರು ಮಾಡಿದ್ದೇವೆ. ಇದುವರೆಗೆ ಒಂಬತ್ತು ಹೆಸರು ಸೇರಿವೆ. ಈ ಬರಹ ಓದುತ್ತಿರುವ ಸ್ಟ್ರಿಂಗರ್ ನೀವಾದರೆ ನಿಮ್ಮದನ್ನೂ ಹೇಳಿ.